ಚುಕ್ಕೆ ನುಂಗುವ ಯಂತ್ರವೂ ನನ್ನ ರಫ್ ಪುಸ್ತಕವೂ

"ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು ಅ, ಇ, ದ, ಗ ರಲ್ಲಿ" ಎಂದು ಓದಿ ಪ್ರೂಫಣ್ಣ ಬೆರಳನ್ನು ಅಲ್ಲೇ ನಿಲ್ಲಿಸಿದರು. "ಇದ್ಯಾವ ಇಸ್ವಿ ಮೇಡಮ್ಮೋರೆ? ನಮ್ಮೂರ್ಗೆ ಇನ್ನೂ ಬಂದಿಲ್ಲ ಕಣ್ರೀ ಈ ಇಸ್ವಿ."

ನನಗೆ ನಗು ಬರಲಿಲ್ಲ. ಬ್ರೈಲ್ ಲಿಪಿಯಲ್ಲಿ ಅಂಕಿಗಳಿಗೆಂದು ಬೇರೆ ಚುಕ್ಕೆಗಳಿಲ್ಲ. ಅಕ್ಷರದ ಚುಕ್ಕೆಗಳ ಮುಂದೆ ‘ಇನ್ನು ಬರುವುದು ಅಂಕಿ’ ಎಂದು ಹೇಳುವ ಒಂದು ಗುರುತನ್ನು ಇಡುತ್ತಾರೆ, ಅಷ್ಟೆ. ಅದು ನಂಬರ್ ಸೈನ್. ಆ ಒಂದು ಗುರುತು ಬಿದ್ದುಹೋದರೆ ಒಂದು-ಒಂಬತ್ತು-ನಾಲ್ಕು-ಏಳು ಎಂಬುದು ಅಇದಗ ಆಗಿಬಿಡುತ್ತದೆ. ಪದದ ನಡುವೆ ಒಂದು ಅಕ್ಷರ ಬಿದ್ದುಹೋದರೆ ಓದುವವರು ಹೇಗೋ ಊಹಿಸಿಕೊಂಡಾರು. ಇಸವಿಯನ್ನು ಊಹಿಸುವುದು ಹೇಗೆ?

ನಂಜನಗೂಡಿನ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ, ಹೆಂಚಿನ ಮನೆಯೊಂದರ ಎರಡು ಕೋಣೆಗಳಲ್ಲಿ ನಮ್ಮ ಬ್ರೈಲ್ ಪ್ರೆಸ್ ಇತ್ತು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತಷ್ಟೆ. ಒಂದು ಸಣ್ಣ ಟ್ರಸ್ಟಿನ ಪ್ರೆಸ್ ಅದು. ಕಂಪ್ಯೂಟರ್ ನನ್ನ ಪಾಲು. ಕರಡು ತಿದ್ದುವ ಕೆಲಸ ಪ್ರೂಫಣ್ಣನವರದು. ಹುಟ್ಟುಕುರುಡರಾದ ಅವರು ದಿನಾ ಬೆಳಿಗ್ಗೆ ಹೆಮ್ಮರಗಾಲದಿಂದ ಬಸ್ಸಿನಲ್ಲಿ ಬಂದು, ಚುಕ್ಕೆ ಒತ್ತಿದ ದಪ್ಪ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು, ಸಂಜೆಯವರೆಗೆ ಬೆರಳಲ್ಲಿ ಓದುತ್ತಿದ್ದರು. ನಿಜವಾದ ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಆ ವರ್ಷದ ಮುಂಗಾರಿನ ಒಂದು ಸಿಡಿಲಿಗೆ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಎಂಬಾಸರ್, ಅಂದರೆ ಕಾಗದದ ಮೇಲೆ ಚುಕ್ಕೆ ಒತ್ತುವ ಯಂತ್ರ, ಹೇಗೋ ಉಳಿದುಕೊಂಡಿತು. ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದು ಹೊಸ ಕಂಪ್ಯೂಟರನ್ನು ದಾನವಾಗಿ ಕೊಟ್ಟಿತು. ಬಾಕ್ಸಿನಲ್ಲಿ ಸೀಲ್ ಆಗಿ ಬರುವ ಆಪರೇಟಿಂಗ್ ಸಿಸ್ಟಂನ ಹೊಸಾ ವರ್ಷನ್ ಅದರಲ್ಲಿತ್ತು. ಪರದೆಯ ಮೇಲೆ ಹಸಿರು, ನೀಲಿ ಏನು ಚೆಂದ ಅಂತೀರಿ! ನೋಡಿ ನಾನೂ ಮರುಳಾದೆ. ಕನ್ನಡ ಪಠ್ಯವನ್ನು ಬ್ರೈಲ್‌ಗೆ ಬದಲಾಯಿಸಿ ಎಂಬಾಸರಿಗೆ ಕಳಿಸುವ ಪ್ರೋಗ್ರಾಂ ನಾನೇ ಬರೆದಿದ್ದು. ಅದನ್ನು ಹಾಕಿದೆ. ಅದು ಓಡಲೇ ಇಲ್ಲ.

ಮೈಸೂರಿನಿಂದ ಸರ್ವಿಸ್ ಎಂಜಿನಿಯರ್ ಬಂದರು. ಟೈ ಕಟ್ಟಿದ, ಬಹಳ ಮರ್ಯಾದಸ್ಥ ಮನುಷ್ಯ.

"ನಿಮ್ಮ ಪ್ರೋಗ್ರಾಂ ನೇರವಾಗಿ ಪ್ರಿಂಟರ್ ಪೋರ್ಟಿಗೇ, ಅಂದ್ರೆ ಕೇಬಲ್ ಸಿಕ್ಕಿಸೋ ಜಾಗಕ್ಕೇ, ಬರೀತಿದೆ ಮೇಡಂ. ಹೊಸ ವರ್ಷನ್‌ನಲ್ಲಿ ಅದಕ್ಕೆ ಪರ್ಮಿಷನ್ ಇಲ್ಲ. ನಡುವೆ ಅವರದ್ದೇ ಲೇಯರ್ ಇದೆ, ಅದರ ಮೂಲಕವೇ ಹೋಗಬೇಕು."

"ಆ ಲೇಯರ್ ಏನು ಮಾಡುತ್ತೆ?"

"ಅದು ನಮಗೂ ತೋರ್ಸಲ್ಲ ಮೇಡಂ."

ಅವರು ಒಂದು ಸಾಮಾನ್ಯ ಡ್ರೈವರ್ ಹಾಕಿಕೊಟ್ಟು ಹೋದರು. ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಒಂದೊಂದು ಯಂತ್ರಕ್ಕೆ ಮುಟ್ಟಿಸುವ ಪ್ರೋಗ್ರಾಂ. ಎಂಬಾಸರ್ ಟಕಟಕ ಎಂದು ಶುರುವಾಯಿತು. ಪಕ್ಕದ ಮನೆಯ ಅಜ್ಜಿ ಕಿವಿ ಮುಚ್ಚಿಕೊಂಡರು, ನಾವು ಚಪ್ಪಾಳೆ ತಟ್ಟಿದೆವು. ಮಾರನೆಯ ದಿನ ಪ್ರೂಫಣ್ಣ ಅಇದಗ ಓದಿದರು. ಎರಡು ಮೂರು ಪುಟಕ್ಕೊಮ್ಮೆ ಯಾವುದಾದರೂ ಒಂದು ಅಕ್ಷರ ಮಾಯವಾಗುತ್ತಿತ್ತು. ಇಂಥದೇ ಎಂದಿಲ್ಲ, ಇಂಥಲ್ಲೇ ಎಂದೂ ಇಲ್ಲ.

ಮತ್ತೆ ಎಂಜಿನಿಯರಿಗೆ ಫೋನ್ ಮಾಡಿದೆ. ಪಾಪ, ಅವರು ಸುಳ್ಳು ಹೇಳುವ ಜಾತಿಯವರಲ್ಲ. "ಕಂಪನಿಗೆ ಬರೆದೆ ಮೇಡಂ. ನಿಮ್ಮ ಎಂಬಾಸರ್ ಅವರ ಲಿಸ್ಟಲ್ಲೇ ಇಲ್ವಂತೆ. ಲೋಕದಲ್ಲಿರೋ ಎಲ್ಲಾ ಪ್ರಿಂಟರಿಗೂ ಅವರೇ ಉತ್ತರ ಕೊಡ್ಬೇಕಲ್ಲ, ಅದಕ್ಕೆ ಒಂದರ ಮೇಲೊಂದು ಅಂತಸ್ತು ಕಟ್ಟಿದ್ದಾರೆ. ಯಾವ ಅಂತಸ್ತಲ್ಲಿ ನಿಮ್ಮ ಅಕ್ಷರ ಬಿದ್ಹೋಗ್ತಿದೆ ಅಂತ ಹುಡುಕೋಕೆ ಅಲ್ಲಿಗೆ ಹೋಗಕ್ಕೇ ಬಿಡಲ್ವಲ್ಲ."

ನಾವು ಒತ್ತುತ್ತಿದ್ದ ಆ ಪುಸ್ತಕ ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನ. ಬೇಕಾಗಿದ್ದದ್ದು ಒಬ್ಬರಿಗೇ.

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬಾಕೆ ಆಫೀಸುಗಳ ಕುರ್ಚಿಗೆ ಪ್ಲಾಸ್ಟಿಕ್ ವಯರ್ ಹೆಣೆಯುತ್ತಿದ್ದಳು. ತಲಕಾಡಿನ ಕಡೆಯವಳು, ವಯಸ್ಸು ಮೂವತ್ತು ದಾಟಿತ್ತು, ಕಣ್ಣಿರಲಿಲ್ಲ. ಒಂದು ಕಚೇರಿಯಲ್ಲಿ ಅಂಧರಿಗೆಂದೇ ಟೆಲಿಫೋನ್ ಆಪರೇಟರ್ ಕೆಲಸವೊಂದು ಕಾದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅಷ್ಟೇ ಕಂಡೀಷನ್. ಉಳಿದೆಲ್ಲ ಪಾಸಾಗಿ ಸಮಾಜದಲ್ಲಿ ಮಾತ್ರ ಎರಡು ಸಲ ಫೇಲಾಗಿದ್ದಳು. ಬರುವ ಏಪ್ರಿಲ್ ತಪ್ಪಿದರೆ ಕೆಲಸಕ್ಕೆ ವಯಸ್ಸು ಮೀರುತ್ತಿತ್ತು. ಇನ್ನೊಂದು ಚಾನ್ಸ್ ಇರಲಿಲ್ಲ.

ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರ್. "ಯಾಕಮ್ಮಾ ಇಷ್ಟು ಒದ್ದಾಟ? ಆ ಯಂತ್ರಕ್ಕೆ ವಯಸ್ಸಾಯ್ತು. ಪುಸ್ತಕ ಓದಿ ಕ್ಯಾಸೆಟ್ ಮಾಡಿ ಕೊಟ್ಟುಬಿಡಿ, ಕೇಳ್ಕೊಂಡು ಓದ್ಲಿ" ಎಂದರು. ನನಗೂ ಸರಿ ಎನ್ನಿಸಿ, ಕೇಳಿಬರೋಣವೆಂದು ನರಸೀಪುರದ ಬಸ್ಸು ಹತ್ತಿದೆ.

ಆಕೆ ಕುರ್ಚಿಯನ್ನು ಮಗುಚಿ ಹಾಕಿಕೊಂಡು ವಯರ್ ಬಿಗಿಯುತ್ತಿದ್ದಳು. ನನ್ನ ಮಾತು ಮುಗಿಯುವವರೆಗೆ ಕೈ ನಿಲ್ಲಲಿಲ್ಲ.

"ಕ್ಯಾಸೆಟ್ ಅದೆ ಮೇಡಂ, ಎರಡು ಸಲವೂ ಅದ್ರಲ್ಲೇ ಓದಿದ್ದು. ಕತೆ ಆದ್ರೆ ಕಿವಿಲಿ ನಿಲ್ತದೆ. ಇಸ್ವಿ ನಿಲ್ಲಕಿಲ್ಲ. ಒಂದ್ರ ಮ್ಯಾಲೊಂದು ಕೂತ್ಕಬುಡ್ತವೆ. ಪರೀಕ್ಷೆಲಿ ಯಾವ್ದು ಯಾವ್ದಕ್ಕೆ ಅಂತ ಗೊತ್ತಾಗಕಿಲ್ಲ." ವಯರಿನ ಗಂಟೊಂದನ್ನು ಬೆರಳಲ್ಲಿ ಒತ್ತಿ ತೋರಿಸಿದಳು. "ಇಲ್ಲಿ ನೋಡಿ, ಈ ಗಂಟು ಎಲ್ಲದೆ ಅಂತ ಕೇಳಿದ್ರೆ ಈ ಕುರ್ಚಿ ಹೋಗಿ ವರ್ಷ ಆದ್ರೂ ಯೋಳ್ತೀನಿ. ಕೈ ಮುಟ್ಟಿದ್ದು ಮರೆಯಕಿಲ್ಲ."

ವಾಪಸು ಬಂದು ಕಾರ್ಯದರ್ಶಿಗಳಿಗೆ ಸಂಕ್ರಾಂತಿಯವರೆಗೆ ಟೈಮ್ ಕೇಳಿದೆ. ಅವರು ನಿಟ್ಟುಸಿರಿಟ್ಟು ಒಪ್ಪಿದರು. "ಸಂಕ್ರಾಂತಿ ಅಂದ್ರೆ ಸಂಕ್ರಾಂತಿ. ಆಮೇಲೆ ಕ್ಯಾಸೆಟ್ಟೇ."

ಆಗ ಕಂಪ್ಯೂಟರ್ ಮ್ಯಾಗಜಿನ್‌ಗಳ ಜೊತೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಸೀಡಿಗಳು ಬರುತ್ತಿದ್ದವು. ಯಾರು ಬೇಕಾದರೂ ಒಳಗಿನ ಸೋರ್ಸ್ ಕೋಡ್ ಓದಬಹುದು, ತಿದ್ದಬಹುದು. ಲೋಕದ ಯಾವ ಯಾವುದೋ ಮೂಲೆಯಲ್ಲಿ ಕುಳಿತವರು ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾ ಅದನ್ನು ಕಟ್ಟಿದ್ದರು. ಒಳಗೆ ನೋಡಲು ಬಿಡುತ್ತಾರಲ್ಲ, ಇದೇ ನಮಗೆ ಸರಿ ಎಂದುಕೊಂಡು ಹಾಕಲು ಕುಳಿತೆ.

ಅಯ್ಯೋ, ಆ ಮೊದಲ ವಾರ! ಮುಚ್ಚಿದ ಸಿಸ್ಟಂ ಜಟಿಲ, ತೆರೆದದ್ದು ಸರಳ ಎಂದು ಮ್ಯಾಗಜಿನ್‌ನವರು ಬರೆದಿದ್ದನ್ನು ನಂಬಿದ್ದೆ. ಮೂರು ಸೀಡಿ ತುಂಬಾ ಸಾಮಾನು. ಅಕ್ಷರ ಟೈಪ್ ಮಾಡಲು ಏಳೋ ಎಂಟೋ ಎಡಿಟರ್‌ಗಳು, ಪರದೆಯ ಅಲಂಕಾರಕ್ಕೆ ಎರಡು ಬಗೆ, ಪ್ರಿಂಟ್ ಮಾಡಲು ಮೂರು ಬಗೆ. ಒಂದರ ರೀತಿ ಇನ್ನೊಂದಕ್ಕಿಲ್ಲ. ಒಬ್ಬರಿಗೆ ಇಷ್ಟವಾಗದಿದ್ದರೆ ಇನ್ನೊಬ್ಬರು ತಮ್ಮದೇ ಹೊಸದು ಕಟ್ಟಿದ್ದಾರೆ, ಬೇಡ ಎನ್ನಲು ಯಾರೂ ಇರಲಿಲ್ಲ. ಮದುವೆ ಮನೆಯ ಉಗ್ರಾಣಕ್ಕೆ ದಾರಿ ತಪ್ಪಿ ಹೊಕ್ಕಂತಾಯಿತು. ಅಂತೂ ಎಂಬಾಸರ್ ಟಕಟಕ ಎಂದಿತು. ಪ್ರೂಫಣ್ಣ ನಾಲ್ಕು ಪುಟ ಓದಿದರು.

"ಮೇಡಮ್ಮೋರೆ."

"ಹೇಳಿ."

"ಸೀಡಿ ಬದಲಾಯ್ತು. ನುಂಗೋದು ಬದಲಾಗ್ಲಿಲ್ಲ."

ಆದರೆ ಒಂದು ವ್ಯತ್ಯಾಸವಿತ್ತು. ಈ ಸಲ ನಾನು ಬಾಗಿಲು ತೆಗೆದು ಒಳಗೆ ಹೋಗಬಹುದಿತ್ತು. ಉಗ್ರಾಣದ ಗಲಾಟೆಯೆಲ್ಲ ಹೊರಗೆ, ನಡುಮನೆ ಶಾಂತವಾಗಿತ್ತು. ಕರ್ನಲ್ ಎನ್ನುವ ತಿರುಳಿನಲ್ಲಿ ಪ್ರಿಂಟರ್ ಪೋರ್ಟಿಗೆ ಬರೆಯುವ ಡ್ರೈವರ್ ಎಂದರೆ ಒಂದೇ ಒಂದು ಫೈಲು. ಸಾವಿರ ಸಾಲಿನ ಆಸುಪಾಸು. ಪ್ರಿಂಟ್ ತೆಗೆದು, ಪಿನ್ ಹೊಡೆದು, ಕಾದಂಬರಿಯಂತೆ ಓದಿದೆ. ಯಾರು ಯಾವಾಗ ಏನು ಬದಲಾಯಿಸಿದರು, ಏಕೆ ತೆಗೆದರು ಎಂಬ ಟಿಪ್ಪಣಿಗಳು ಅದರಲ್ಲೇ ಇದ್ದವು. ಹಳೆಯ ತಪ್ಪನ್ನೂ ಅದನ್ನು ತಿದ್ದಿದವರನ್ನೂ ಯಾರೂ ಅಳಿಸಿರಲಿಲ್ಲ.

ಇಲ್ಲಿ ನನ್ನ ಕಾನ್ವೆಂಟಿನ ವಿಷಯ ಹೇಳಬೇಕು. ನಮಗೆ ಎರಡು ನೋಟ್‌ಬುಕ್. ಒಂದು ರಫ್, ಒಂದು ಫೇರ್. ಲೆಕ್ಕ ಬಿಡಿಸುವುದು, ಚಿತ್ತು ಮಾಡುವುದು ಎಲ್ಲಾ ರಫ್‌ನಲ್ಲಿ. ಉತ್ತರ ಸರಿಯಾದ ಮೇಲೆ ಫೇರ್‌ನಲ್ಲಿ ದುಂಡಗೆ ಬರೆದು ಸಿಸ್ಟರ್ ಮುಂದೆ ಇಡಬೇಕು. ಒಮ್ಮೆ ನಾನು ತಪ್ಪಿ ರಫ್ ಪುಸ್ತಕವನ್ನೇ ಕೊಟ್ಟಿದ್ದೆ. ಸಿಸ್ಟರ್ ಅದನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಕ್ಲಾಸಿಗೆ ತೋರಿಸಿ, "ಎ ಲೇಡಿ ಡಸ್ ನಾಟ್ ಶೋ ಹರ್ ರಫ್ ವರ್ಕ್" ಎಂದಿದ್ದರು. ನನಗಾಗ ಒಂಬತ್ತು ವರ್ಷ. ಐವತ್ತೆಂಟರಲ್ಲೂ ಆ ಮಾತು ನನ್ನ ಬೆನ್ನ ಹಿಂದೆಯೇ ನಿಂತಿತ್ತು. ಆ ಸಿಸ್ಟರ್ ಮೇಲೆ ಈಗ ಕೋಪವಿಲ್ಲ. ಇಂದಿಗೂ ನನ್ನ ಅಕ್ಷರ ದುಂಡಗಿರುವುದು ಅವರಿಂದಲೇ.

ಹೀಗಾಗಿ ನಾನು ಯಾರನ್ನೂ ಕೇಳದೆ ಆ ಡ್ರೈವರಿನ ನಕಲು ಮಾಡಿಕೊಂಡು ನನ್ನದೇ ಡ್ರೈವರ್ ಬರೆಯಲು ಕುಳಿತೆ. ಅಕ್ಷರ ಕಳಿಸಿದ ಮೇಲೆ ಯಂತ್ರ ಸಿಕ್ಕಿತು ಎನ್ನುತ್ತದೆಯೇ ಎಂದು ಮೂರು ಸಲ ಕೇಳುವುದು. ಸಾಲಿಗೆ ಎಷ್ಟು ಅಕ್ಷರ ಹೋಯಿತು ಎಂದು ಎಣಿಸುವುದು. ಸಾಲು ಮುಗಿದಾಗ ಸ್ವಲ್ಪ ಕಾಯುವುದು. ಅದೂ ಸಾಲದೆ ನಂಬರ್ ಸೈನ್ ಬಂದಾಗ ಮಾತ್ರ ಅದನ್ನು ಎರಡು ಸಲ ಕಳಿಸುವ ಉಪಾಯ ಹೂಡಿದೆ. ಒಂದು ಬಿದ್ದುಹೋದರೂ ಇನ್ನೊಂದು ಉಳಿಯುತ್ತದಲ್ಲ!

ಪ್ರೂಫಣ್ಣ ಆ ಪುಟದ ಒಂದೇ ಸಾಲನ್ನು ಮತ್ತೆ ಮತ್ತೆ ಮುಟ್ಟಿದರು.

"ಈಗೇನು?"

"ಈಗ ಇಸ್ವಿ ಉಗ್ಗುತಾ ಅದೆ."

ಹೌದು, ಬೀಳದ ಕಡೆಯಲ್ಲೆಲ್ಲ ಎರಡೆರಡು ನಂಬರ್ ಸೈನ್. ಅದನ್ನು ಸರಿಪಡಿಸಲು ಇನ್ನೊಂದು ಎಣಿಕೆ, ಆ ಎಣಿಕೆ ತಪ್ಪಿದರೆ ಹಿಡಿಯಲು ಮತ್ತೊಂದು. ನಲವತ್ತು ಸಾಲು ಸೇರಿಸಲು ಹೊರಟವಳು ಮುನ್ನೂರು ಸಾಲು ಸೇರಿಸಿದ್ದೆ. ನವೆಂಬರ್ ಪೂರ್ತಿ ಹೋಯಿತು. ಬೆಳಿಗ್ಗೆ ಬಂದು ನೋಡಿದರೆ ನಿನ್ನೆ ಬರೆದದ್ದು ನನಗೇ ಅರ್ಥವಾಗುತ್ತಿರಲಿಲ್ಲ. ಒಂದು ಸಾಲು ತೆಗೆಯಲೂ ಭಯ, ಯಾವುದನ್ನು ಎಳೆದರೆ ಯಾವುದು ಬೀಳುತ್ತದೋ ಎಂದು. ಸೀಲ್ ಮಾಡಿದ ಬಾಕ್ಸಿನವರನ್ನು ಬೈದುಕೊಳ್ಳುತ್ತಿದ್ದವಳು ನನ್ನ ಕೋಣೆಯಲ್ಲೇ ಅಂಥದೊಂದು ಬಾಕ್ಸ್ ಕಟ್ಟುತ್ತಿದ್ದೆ. ಅಂತಸ್ತಿನ ಮೇಲೆ ಅಂತಸ್ತು. ಅದು ಆಗ ನನಗೆ ಹೊಳೆಯಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ನರಸೀಪುರದಿಂದ ಆಕೆ ಬೂತಿನಿಂದ ಫೋನ್ ಮಾಡಿದಳು. ಪರೀಕ್ಷೆಯ ಫಾರಂ ತುಂಬಿದ್ದಾಳಂತೆ. "ಪುಸ್ತಕ ಯಾವಾಗ ಬತ್ತದೆ ಮೇಡಂ?" ಎಂದು ಕೇಳಿದಳು. "ಸ್ವಲ್ಪ ಫೇರ್ ಮಾಡೋದಿದೆ, ಬರುತ್ತೆ" ಎಂದು ಫೋನ್ ಇಟ್ಟೆ.

ಗೋಡೆಗೆ ಒರಗಿ ಕುಳಿತಿದ್ದ ಪ್ರೂಫಣ್ಣ ಕೇಳಿಸಿಕೊಂಡರು. ಅವರಿಗೆ ಕೇಳಿಸದ ಮಾತು ಆ ಮನೆಯಲ್ಲಿ ಇರಲಿಲ್ಲ.

"ಇಷ್ಟು ದಿನದಿಂದ ಬರೀತಾ ಇದ್ದೀರಲ್ಲ, ಯಾರ್ಗಾದ್ರೂ ತೋರ್ಸಿದ್ರಾ ಮೇಡಮ್ಮೋರೆ?"

"ಯಾರಿಗೆ ತೋರಿಸೋದು?"

"ಅದೇ, ಆ ಸೀಡಿ ಮಾಡ್ದೋರ್ಗೆ. ಎಲ್ಲಾ ತೆರೆದು ಇಟ್ಟವ್ರೆ ಅಂತೀರಿ. ಅವ್ರು ತೆರೆದು ಇಟ್ಟವ್ರೆ, ನೀವು ಬಾಗ್ಲು ಹಾಕ್ಕಂಡು ಕೂತಿದ್ದೀರಿ."

"ಇನ್ನೂ ಎಲ್ಲಾ ಚಿತ್ತು ಕಾಟು ಇದೆ ರೀ. ಹಾಗೇ ಕಳಿಸಿದರೆ ನಗ್ತಾರೆ."

ಅವರು ತೊಡೆಯ ಮೇಲಿದ್ದ ಪುಟಗಳ ಮೇಲೆ ಅಂಗೈ ಬಡಿದರು. "ನನ್ತಾವ ಬರೋದೆಲ್ಲಾ ಚಿತ್ತು ಕಾಟೇ ಅಲ್ವಾ? ಎಲ್ಲಾರೂ ಸರಿ ಮಾಡ್ಕಂಡೇ ಕೊಟ್ಟಿದ್ರೆ ನಾನು ಎಮ್ಮರಗಾಲದಲ್ಲಿ ಎಮ್ಮೆ ಕಾಯ್ಬೇಕಿತ್ತು. ಅದೂ ಕಣ್ಣಿಲ್ದೆ! ಇಪ್ಪತ್ತು ವರ್ಷದಿಂದ ನಿಮ್ಮ ತಪ್ಪಲ್ಲೇ ಬದುಕಿವ್ನಿ ಕಣ್ರೀ. ಒಂದ್ಸಲನಾದ್ರೂ ನಕ್ಕಿದ್ದೀನಾ?"

"ನಕ್ಕಿದ್ದೀರಿ. ಅಇದಗ ಓದಿದಾಗ."

"ಅದು ಬುಡಿ, ಅದು ನಗೋ ಅಂಗೇ ಇತ್ತು."

ಆ ಸಂಜೆ ಮನೆಗೆ ಹೋಗದೆ ನೇರವಾಗಿ ಬಜಾರ್ ಬೀದಿಯ ಸೈಬರ್ ಸೆಂಟರಿಗೆ ಹೋದೆ. ಫ್ಲಾಪಿಯಲ್ಲಿ ನನ್ನ ಮುನ್ನೂರು ಸಾಲು. ಪ್ರಿಂಟರ್ ಡ್ರೈವರ್ ನೋಡಿಕೊಳ್ಳುವವರ ಮೇಲಿಂಗ್ ಲಿಸ್ಟಿಗೆ, ಅಂದರೆ ಅವರೆಲ್ಲರೂ ಒಟ್ಟಿಗೆ ಓದುವ ಇಮೇಲ್ ವಿಳಾಸಕ್ಕೆ, ಹೀಗೆ ಬರೆದೆ: ಇಂಥ ಯಂತ್ರ, ಇಂಥ ತೊಂದರೆ, ಏಪ್ರಿಲ್‌ನಲ್ಲಿ ಒಬ್ಬರ ಪರೀಕ್ಷೆ, ಇದು ನನ್ನ ಕೆಲಸ. ಇದು ಇನ್ನೂ ರಫ್. ಕಳಿಸುವ ಬಟನ್ ಒತ್ತುವಾಗ ನನ್ನ ಕಿವಿ ಬಿಸಿಯಾಗಿದ್ದು ನೆನಪಿದೆ. ಎರಡು ಬೆರಳಲ್ಲಿ ಎತ್ತಿ ಹಿಡಿದ ಆ ನೋಟ್‌ಬುಕ್ ಕಣ್ಣ ಮುಂದೆಯೇ ಬಂತು.

ಎರಡು ದಿನ ಬಿಟ್ಟು ನೋಡಿದರೆ ಮೂರು ಉತ್ತರ. ಒಂದು ಬಹಳ ಒರಟು. ಇಷ್ಟೆಲ್ಲಾ ಏಕೆ ಬರೆದಿದ್ದೀರಿ, ನಿಜಕ್ಕೂ ಏನು ಮಾಡಲು ಹೊರಟಿದ್ದೀರಿ ಎಂದು. ನನಗೆ ಅಳುವೇ ಬಂತು. ಎರಡನೆಯದು ಒಂದು ಪ್ರಶ್ನೆ. ನಿಮ್ಮ ಹಳೆಯ ಕಂಪ್ಯೂಟರ್ ತುಂಬಾ ನಿಧಾನದ್ದಾಗಿತ್ತೇ? ಮೂರನೆಯವರು ಆ ಡ್ರೈವರನ್ನು ನೋಡಿಕೊಳ್ಳುವವರೇ. ನನ್ನ ಮುನ್ನೂರು ಸಾಲನ್ನೂ ಪೂರ್ತಿ ಓದಿದ್ದರು. ಇಪ್ಪತ್ತೇಳನೆಯ ಸಾಲಿನ ಹತ್ತಿರ ಬರೆದಿದ್ದರು, ಇಲ್ಲಿ ನೀವು ಕಾಯುತ್ತಿದ್ದೀರಿ, ಆದರೆ ಕಾಯಬೇಕಾದದ್ದು ಇಲ್ಲಲ್ಲ.

ಅವರು ತಿಳಿಸಿದ್ದು ಇಷ್ಟು. ಕಂಪ್ಯೂಟರ್ ಒಂದೊಂದು ಅಕ್ಷರವನ್ನು ತಂತಿಯ ಮೇಲಿಟ್ಟು ‘ತೆಗೆದುಕೋ’ ಎಂದು ಒಂದು ಸನ್ನೆ ಮಾಡುತ್ತದೆ. ಬಾಗಿಲು ತಟ್ಟಿದ ಹಾಗೆ. ಸ್ಟ್ರೋಬ್ ಎಂದು ಅದರ ಹೆಸರು. ಹಳೆಯ ಕಂಪ್ಯೂಟರ್ ನಿಧಾನ, ಆದ್ದರಿಂದ ಅದು ತಟ್ಟುವುದೂ ನಿಧಾನವಾಗಿ, ಗಟ್ಟಿಯಾಗಿ. ಹೊಸದು ಬಹಳ ಚುರುಕು, ಉಗುರಲ್ಲಿ ತಾಕಿಸಿ ಓಡಿಹೋಗುತ್ತದೆ. ನಮ್ಮ ಎಂಬಾಸರಿಗೆ ವಯಸ್ಸಾಗಿದೆ, ಕಿವಿ ಮಂದ. ಸಾವಿರ ಸಲ ತಟ್ಟಿದರೆ ಕೇಳಿಸುತ್ತದೆ, ಎಲ್ಲೋ ಒಮ್ಮೆ ಮಾತ್ರ ಕೇಳಿಸುವುದಿಲ್ಲ. ತಟ್ಟುವ ಸಮಯವನ್ನು ಉದ್ದ ಮಾಡಲು ಟ್ಯೂನ್‌ಎಲ್‌ಪಿ ಎಂಬ ಒಂದು ಕಮ್ಯಾಂಡು ಮೊದಲಿನಿಂದಲೂ ಇದೆ. ಒಂದು ಸಾಲು. ನಿಮ್ಮ ಮುನ್ನೂರು ಸಾಲನ್ನು ದಯವಿಟ್ಟು ತೆಗೆದುಹಾಕಿ.

ಮಾರನೆಯ ಬೆಳಿಗ್ಗೆ ನನ್ನ ಡ್ರೈವರ್ ತೆಗೆದು ಸೀಡಿಯಲ್ಲಿದ್ದ ಹಳೆಯದನ್ನೇ ಹಾಕಿ, ಆ ಒಂದು ಸಾಲು ಟೈಪ್ ಮಾಡಿದೆ. ಐದು ಮೈಕ್ರೋಸೆಕೆಂಡ್. ಪ್ರೂಫಣ್ಣ ಹತ್ತು ಪುಟಕ್ಕೆ ಒಂದು ತಪ್ಪು ಹಿಡಿದರು. ಇಪ್ಪತ್ತು ಮಾಡಿದೆ. ಮೂವತ್ತು ಪುಟಕ್ಕೆ ಒಂದು. ಐವತ್ತು. ಅವರು ಮಧ್ಯಾಹ್ನ ಊಟಕ್ಕೂ ಏಳದೆ ಓದಿದರು. ನಾನು ಕಾಫಿ ತಂದು ಪಕ್ಕದಲ್ಲಿಟ್ಟೆ, ಆರಿಹೋಯಿತು. ಸಂಜೆ ಐದರ ಹೊತ್ತಿಗೆ ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಏನಾಯ್ತು ರೀ?"

"ಏನೂ ಆಗಿಲ್ಲ. ಅದೇ ಬ್ಯಾಸರ. ನಂಗೆ ಕೆಲಸವೇ ಇಲ್ವಲ್ಲ ಮೇಡಮ್ಮೋರೆ."

ನನ್ನ ಆಸೆ ಅಲ್ಲಿಗೂ ಮುಗಿಯಲಿಲ್ಲ ನೋಡಿ. ಎಂಬಾಸರಿಗೆಂದೇ ಡ್ರೈವರಿನಲ್ಲಿ ಒಂದು ಹೊಸ ಆಯ್ಕೆ ಸೇರಿಸಿ ಎಂದು ಅದನ್ನು ನೋಡಿಕೊಳ್ಳುವವರಿಗೆ ಬರೆದೆ. ಬೇಡ ಎಂದರು. ಈಗಿರುವ ಕಮ್ಯಾಂಡು ಸಾಕು, ಒಂದು ಮನೆಗೆಂದು ಹೊಸ ಬಾಗಿಲು ಕೊರೆದರೆ ಅದನ್ನು ಎಲ್ಲರೂ ಕಾಯಬೇಕಾಗುತ್ತದೆ. ಬದಲಿಗೆ ಹೀಗೆ ಮಾಡಿದರೆ ಹಳೆಯ ಎಂಬಾಸರ್ ನಡೆಯುತ್ತದೆ ಎಂದು ಎರಡು ವಾಕ್ಯದ ಟಿಪ್ಪಣಿ ಬರೆದು ಲಿಸ್ಟಿಗೆ ಕಳಿಸಿ, ಮುಂದೆ ಹುಡುಕುವವರಿಗೆ ಸಿಗಲಿ ಎಂದರು. ಆ ‘ಬೇಡ’ ನನ್ನನ್ನು ಬಹಳ ದಿನ ಕಾಡಿತು, ಒಳ್ಳೆಯ ರೀತಿಯಲ್ಲಿ. ತೆರೆದಿಟ್ಟ ಮಾತ್ರಕ್ಕೆ ಏನೂ ಸರಳವಾಗುವುದಿಲ್ಲ. ಆ ಮೂರು ಸೀಡಿಗಳೇ ಸಾಕ್ಷಿ. ತೆರೆದಿಟ್ಟದ್ದನ್ನು ಯಾರಾದರೂ ಕುಳಿತು ಓದಬೇಕು, ಓದಿ ಬೇಡ ಎನ್ನಬೇಕು, ಬೇಡ ಎನ್ನಿಸಿಕೊಂಡವರು ಕೇಳಬೇಕು. ಮುಚ್ಚಿದ ಕಡೆಯೂ ಜಾಣರೇ ಇರುತ್ತಾರೆ. ಅವರ ಪ್ರೂಫಣ್ಣಂದಿರು ಆ ಗೋಡೆಯೊಳಗೇ ಇರಬೇಕಾಗುತ್ತದೆ, ಅಷ್ಟೆ. ನಮ್ಮಂಥವರ ಎಂಬಾಸರ್ ಅಲ್ಲಿಗೆ ಕೇಳಿಸದು.

ಆಮೇಲೆ ನಾನು ಉಗ್ರಾಣ ಖಾಲಿ ಮಾಡಲು ಕುಳಿತೆ. ಕರ್ನಲ್ಲನ್ನು ನಮಗೆ ಬೇಕಾದಷ್ಟೇ ಕಟ್ಟಿಕೊಳ್ಳಬಹುದಿತ್ತು. ಅದು ನೂರಾರು ಪ್ರಶ್ನೆ ಕೇಳುತ್ತದೆ. ಸೌಂಡ್ ಕಾರ್ಡ್ ಬೇಕೆ? ಟೀವಿ ಬೇಕೆ? ಇಂಥ ಹಾರ್ಡ್ ಡಿಸ್ಕ್ ಇದೆಯೆ? ಎಷ್ಟೋ ಪ್ರಶ್ನೆಯ ಕೆಳಗೆ, ಅನುಮಾನವಿದ್ದರೆ ಇಲ್ಲ ಎನ್ನಿ ಎಂಬ ಸಲಹೆ. ಕಾನ್ವೆಂಟಿನಲ್ಲಿ ನಮಗೆ ಯೆಸ್ ಸಿಸ್ಟರ್ ಎನ್ನುವುದನ್ನು ಮಾತ್ರ ಕಲಿಸಿದ್ದರು. ಎರಡು ದಿನ ಕುಳಿತು ಮನಸಾರೆ ನೋ, ನೋ ಎಂದೆ. ಕೊನೆಗೆ ಉಳಿದದ್ದು ಕೀಬೋರ್ಡು, ಡಿಸ್ಕು, ಫ್ಲಾಪಿ, ಪ್ರಿಂಟರ್ ಪೋರ್ಟು. ಚಿತ್ರಗಳಿಲ್ಲ, ಮೌಸ್ ಇಲ್ಲ, ಎಲ್ಲವೂ ಕೀಬೋರ್ಡಿನಲ್ಲೇ.

ಪ್ರೂಫಣ್ಣ ಮೆಲ್ಲಗೆ ಕೇಳಿದರು. "ಮೌಸ್ ಇಲ್ಲ ಅಂದ್ರೆ, ಪರದೆ ನೋಡೋದೂ ಬ್ಯಾಡ್ವಾ?"

ನಾನು ಟೈಪ್ ಮಾಡುತ್ತಿದ್ದ ಕೈ ನಿಲ್ಲಿಸಿದೆ. ಇಷ್ಟು ವರ್ಷ ಅವರ ಪಕ್ಕದಲ್ಲೇ ಕುಳಿತು, ಅವರು ಒಮ್ಮೆಯೂ ಕೀಬೋರ್ಡ್ ಮುಟ್ಟಿಲ್ಲ ಎಂಬುದು ನನಗೆ ತೋಚಿರಲಿಲ್ಲ. ಅದೇ ದಿನ ಕಂಪ್ಯೂಟರಿನೊಳಗಿನ ಪುಟ್ಟ ಸ್ಪೀಕರಿಗೆ ಮೂರು ಬಗೆಯ ಬೀಪ್ ಹೊಂದಿಸಿದೆ. ಒಂದು ಬೀಪ್ ಎಂದರೆ ಸಿದ್ಧ. ಎರಡು ಎಂದರೆ ಕಾಗದ ಮುಗಿಯಿತು. ಮೂರು ಎಂದರೆ ಕೆಲಸ ಆಯಿತು. ಎಫ್, ಜೆ ಕೀಗಳ ಮೇಲಿನ ಸಣ್ಣ ಗೆರೆಯನ್ನು ಅವರ ಬೆರಳಿಗೆ ತೋರಿಸಿದೆ.

"ಓ, ಇಲ್ಲೂ ಒಂದು ಗುರುತು ಮಡಗವ್ರೆ!" ಎಂದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ.

ಮೂರು ಸಂಪುಟದ ಸಮಾಜ ವಿಜ್ಞಾನವನ್ನು ಕಾಗದ ಕೂರಿಸುವುದರಿಂದ ಹಿಡಿದು ಪೂರ್ತಿ ಒತ್ತಿದ್ದು ಪ್ರೂಫಣ್ಣ. ಕಾರ್ಯದರ್ಶಿಗಳು ಕ್ಯಾಸೆಟ್ಟಿನ ಗಡುವು ನೆನಪಿಸಲು ಬಂದವರು, ಬಾಗಿಲಲ್ಲೇ ನಿಂತು, ಬೀಪ್ ಕೇಳಿ ಪ್ರೂಫಣ್ಣ ಎದ್ದು ಕಾಗದ ಹಾಕುವುದನ್ನು ನೋಡಿ, ಕನ್ನಡಕ ಒರೆಸಿಕೊಂಡು ಹೋದರು. ಸಂಕ್ರಾಂತಿಗೆ ಎರಡು ದಿನ ಮೊದಲು ನಾವಿಬ್ಬರೂ ಆ ಮೂರು ದಪ್ಪ ಸಂಪುಟಗಳನ್ನು ಗೋಣಿಚೀಲದಲ್ಲಿ ಸುತ್ತಿ ನರಸೀಪುರದ ಬಸ್ಸು ಹತ್ತಿದೆವು. ಕಂಡಕ್ಟರ್ ಲಗೇಜ್ ಎಂದ. "ಇದು ಲಗೇಜಲ್ಲ ಕಣಪ್ಪ, ಇಸ್ವಿ" ಎಂದರು ಪ್ರೂಫಣ್ಣ. ಅವನಿಗೆ ಅರ್ಥವಾಗಲಿಲ್ಲ, ಆದರೂ ಲಗೇಜ್ ಟಿಕೆಟ್ ಹರಿಯಲಿಲ್ಲ.

ಆಕೆ ಕೈ ತೊಳೆದುಕೊಂಡು ಬಂದು ಎರಡನೆಯ ಸಂಪುಟ ತೆಗೆದಳು. ಬೆರಳು ಸಾಲುಗಳ ಮೇಲೆ ಹರಿದು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಮುಟ್ಟಿತು.

"ಒಂದು, ಒಂಬತ್ತು, ನಾಕು, ಏಳು" ಎಂದಳು. ಪ್ರೂಫಣ್ಣ ನನ್ನ ಕಡೆ ತಿರುಗಿ, "ನಮ್ಮೂರ್ಗೂ ಬಂತು ನೋಡಿ" ಎಂದರು.

ಜೂನ್‌ನಲ್ಲಿ ಆಕೆಯೇ ನಂಜನಗೂಡಿಗೆ ಬಂದಳು. ಪಾಸಾಗಿದ್ದಳು. ಸಮಾಜದಲ್ಲಿ ಫಸ್ಟ್ ಕ್ಲಾಸಿನಷ್ಟೇ ಅಂಕ. ಮುಂದಿನ ವಾರ ಟೆಲಿಫೋನ್ ಬೋರ್ಡಿಗೆ ಕೂರುವವಳಿದ್ದಳು. ನಾನು ಸಿಹಿ ತರಿಸಲು ಎದ್ದೆ. ಆಕೆ ಚೀಲದಿಂದ ಒಂದು ಹಾಳೆ ತೆಗೆದು ಪ್ರೂಫಣ್ಣನವರ ಕೈಗೆ ಕೊಟ್ಟಳು. ಬ್ರೈಲ್ ಸ್ಲೇಟಿನಲ್ಲಿ ಒಂದೊಂದೇ ಚುಕ್ಕೆ ಚುಚ್ಚಿ ಬರೆದದ್ದು.

ಅವರು ಬೆರಳಾಡಿಸಿದರು. ಮುಖ ಗಂಟಿಕ್ಕಿತು. "ಹನ್ನೊಂದು ತಪ್ಪು! ಮೇಡಮ್ಮೋರೆ, ನಾನು ಓದಿದ್ದ ಪುಸ್ತಕದಲ್ಲಿ ಹನ್ನೊಂದು ತಪ್ಪು ಅಂತಾಳೆ ಇವಳು. ಯಂತ್ರ ನುಂಗಿದ್ದಲ್ಲ, ನಾವೇ ಟೈಪಲ್ಲಿ ಬಿಟ್ಟಿದ್ದು. ಪುಟ, ಸಾಲು ಎಲ್ಲಾ ಬರೆದವ್ಳೆ."

"ನಿಮ್ಗೆ ಬ್ಯಾಸರ ಆಗ್ಲಿ ಅಂತಲ್ಲ ಅಣ್ಣಾ" ಎಂದಳು ಆಕೆ, ಹೆದರಿಕೊಂಡು. "ನಂದು ಪಾಸಾಯ್ತು. ಮುಂದೆ ಓದೋರ್ಗೆ ಬೇಕಾಯ್ತದಲ್ಲ ಅಂತ. ಇನ್ನೂ ಚೆನ್ನಾಗಿ ಬರೆದು ಕೊಡ್ಬೇಕಿತ್ತು. ಇದು ಒಸಿ ಒತ್ತೊತ್ತಾಗಿ, ಗಜಿಬಿಜಿ ಆಗ್ಬುಟ್ಟದೆ."

ಪ್ರೂಫಣ್ಣ ಆ ಹಾಳೆಯನ್ನು ಮಡಿಸಲಿಲ್ಲ. ತೊಡೆಯ ಮೇಲೆ ಹರಡಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಒಂದನೇದು ಯೋಳು ತಾಯಿ" ಎಂದರು. ನಾನು ಕೀಬೋರ್ಡಿನ ಮುಂದೆ ಕುಳಿತು ಫೈಲು ತೆಗೆದೆ.